ಪದಚರ್ಚೆ: ‘ರೆಸಿಡೆನ್ಸಿ’ಗೆ ಆಶ್ರಯ ಅನ್ನಬಹುದೆ?

ಗೆಳೆಯರೆ,
ಪ್ರಾಣಭಯದಿಂದ ದೇಶ ಬಿಟ್ಟ ಬರಹಗಾರರು, ಕಲಾವಿದರಿಗೆ ನೆರವಾಗುವ ಐಕಾರ್ನ್ ನಗರಜಾಲದ ಪರಿಚಯವನ್ನು ಕನ್ನಡಕ್ಕೆ ತರುವಾಗ ಎಕ್ಸೈಲ್ (ದೇಶದಿಂದ ಹೊರಗೆ ಬಾಳಬೇಕಾದ ಸ್ಥಿತಿ), ರೆಸಿಡೆನ್ಸಿ (ಕೆಲಸ ಮಾಡಲು ಕೆಲಕಾಲ ಸಿಗುವ ನೆಲೆ), ಫೆಲೋಶಿಪ್ (ಕೆಲಸಕ್ಕೆಂದು ಕೊಡುವ ಹಣದ ನೆರವು) ಮೂರೂ ತೊಡಕಾಗಿವೆ. ಸದ್ಯದ ಕರಡು: ‘ದೇಶಭ್ರಷ್ಟ ಕಲಾವಿದರು ಆಶ್ರಯ ನಗರಕ್ಕೆ ಅರ್ಜಿ ಸಲ್ಲಿಸಿ ಎರಡು ವರ್ಷದ ವಾಸ್ತವ್ಯ ಹಾಗೂ ಶಿಷ್ಯವೇತನ ಪಡೆಯಬಹುದು.’ ತಿದ್ದಿಕೊಡುವಿರಾ?

ಉತ್ತರ:
ನಮಸ್ಕಾರ. ಪದಕ್ಕಿಂತ ಮೊದಲು ಸಂಗತಿಯೇ ತಪ್ಪಿದೆ. ನಗರಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ. ಅರ್ಜಿ ಹೋಗುವುದು ನಾರ್ವೆಯ ಸ್ಟಾವಾಂಗರ್‌ನಲ್ಲಿ 2006ರಿಂದ ಇರುವ ಐಕಾರ್ನ್ ಕಚೇರಿಗೆ. ಬೆದರಿಕೆ ನಿಜವೇ, ಅದು ಬರೆದದ್ದರಿಂದಲೇ ಬಂದದ್ದೇ ಎಂದು ನೋಡುವುದರಲ್ಲಿ ಬರಹಗಾರರ ಅಂತರರಾಷ್ಟ್ರೀಯ ಸಂಘಟನೆಯಾದ ಪೆನ್ ಇಂಟರ್‌ನ್ಯಾಷನಲ್ ಕೈಜೋಡಿಸುತ್ತದೆ. ಆಮೇಲೆ ಸದಸ್ಯ ನಗರವೊಂದು ಕರೆಯುತ್ತದೆ. ಇಂಥ ಊರೇ ಬೇಕೆಂದು ಕೇಳುವಂತಿಲ್ಲ. ಹಾಗಾಗಿ ‘ನಗರದ ಆಹ್ವಾನ’ ಎಂಬ ಮಾತು ವಾಕ್ಯದಲ್ಲಿ ಬರಲೇಬೇಕು.

ಇನ್ನು ‘ಆಶ್ರಯ ನಗರ’. ನಮ್ಮಲ್ಲಿ ಊರೂರಿಗೂ ಒಂದು ಆಶ್ರಯ ಬಡಾವಣೆ ಇದೆ. ಓದುಗರಿಗೆ ಸರ್ಕಾರದ ಮನೆ ಹಂಚಿಕೆಯೇ ನೆನಪಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ‘ಆಶ್ರಯ ಕೋರಿಕೆ’ ಎನ್ನುವುದು ಕಾನೂನಿನ ಮಾತು. ರೆಸಿಡೆನ್ಸಿ ಸಿಕ್ಕ ಮಾತ್ರಕ್ಕೆ ಆಶ್ರಯದ ಹಕ್ಕು ಸಿಕ್ಕಂತಲ್ಲ. ‘ನಿರಾಶ್ರಿತ’ಕ್ಕೂ ಇದೇ ಎಚ್ಚರ. ಬೈಲಕುಪ್ಪೆಯ ಟಿಬೆಟನ್ನರಿಗೆ ಒಪ್ಪುವ ಪದ, ಎರಡು ವರ್ಷದ ಅತಿಥಿ ಕವಿಗೆ ಒಪ್ಪಬೇಕೆಂದಿಲ್ಲ. ಸ್ವೀಡಿಷ್‌ನಲ್ಲಿ ಇಂಥ ನಗರಕ್ಕೆ ‘ಫ್ರಿಸ್ತಾದ್’ ಅನ್ನುತ್ತಾರೆ. ‘ಫ್ರಿ’ ಎಂದರೆ ಮುಕ್ತ, ‘ಸ್ತಾದ್’ ಎಂದರೆ ನಗರ. ನನ್ನ ಒಲವು ‘ಅಭಯನಗರ’ದ ಕಡೆಗೆ. ಅಭಯಾರಣ್ಯ ನೆನಪಾದರೆ ಆಗಲಿ ಬಿಡಿ, ಬೇಟೆಗೆ ಅವಕಾಶವಿಲ್ಲದ ಜಾಗ ತಾನೆ!

‘ದೇಶಭ್ರಷ್ಟ’ ಹಳೆಯ ಕನ್ನಡದಲ್ಲಿ ಸರಿ. ಈಗ ಭ್ರಷ್ಟ ಎಂದರೆ ಲಂಚಕೋರ. ‘ಗಡಿಪಾರು’ ಪತ್ರಿಕೆಗಳಲ್ಲಿ ರೌಡಿಶೀಟರ್‌ಗಳಿಗೆ ಮೀಸಲು; ಮೇಲಾಗಿ ಅಲ್ಲಿ ಹೊರಗಟ್ಟುವವರು ಬೇರೆಯವರು. ಈ ಕಲಾವಿದರಲ್ಲಿ ಹಲವರು ತಾವೇ ತಪ್ಪಿಸಿಕೊಂಡು ಹೊರಟವರು. ಆಡುಮಾತಿನ ‘ದೇಶಾಂತರ ಹೋದ’ ಎಂಬುದರಲ್ಲಿ ಒತ್ತಾಯವೂ ಇದೆ, ಯಾವಾಗ ಮರಳುತ್ತಾನೋ ಎಂಬ ಅನಿಶ್ಚಿತತೆಯೂ ಇದೆ. ‘ದೇಶಾಂತರಿ ಕಲಾವಿದರು’ ಎನ್ನಿ.

‘ವಾಸ್ತವ್ಯ’ ಕೇಳಿದರೆ ಮಂತ್ರಿಗಳ ಗ್ರಾಮ ವಾಸ್ತವ್ಯ, ಅಂದರೆ ಒಂದು ರಾತ್ರಿ. ಅದೂ ಅಲ್ಲದೆ ಎಲ್ಲ ಯೋಜನೆಯಲ್ಲೂ ವಾಸ ಸೇರಿರುವುದಿಲ್ಲ. ಪ್ಯಾರಿಸ್ಸಿನಲ್ಲಿ 2017ರಲ್ಲಿ ಶುರುವಾದ ದೇಶಾಂತರಿ ಕಲಾವಿದರ ಅತೆಲಿಯೆ (ಕಲಾವಿದರ ಕಾರ್ಯಶಾಲೆ) ಮುಖ್ಯವಾಗಿ ಕೊಡುವುದು ಕೆಲಸದ ಜಾಗ, ಕಾಗದಪತ್ರಕ್ಕೆ ನೆರವು, ಫ್ರೆಂಚ್ ಪಾಠ. ಪದ ‘ರೆಸಿಡೆನ್ಸಿ’ ಎಂದೇ ಇರಲಿ, ಪಕ್ಕದಲ್ಲೇ ಮನೆ ಉಂಟೋ ಇಲ್ಲವೋ ಹೇಳಿಬಿಡಿ. ಹೋಟೆಲುಗಳೂ ಆ ಹೆಸರಿಟ್ಟುಕೊಂಡಿವೆ ನಿಜ, ಸಂದರ್ಭದಲ್ಲಿ ತಿಳಿಯುತ್ತದೆ.

‘ಶಿಷ್ಯವೇತನ’ ಕಲಿಯುವವರಿಗೆ, ‘ಮಾಸಾಶನ’ ವಯಸ್ಸಾದ ಕಲಾವಿದರಿಗೆ. ಐವತ್ತು ದಾಟಿದ ಕಾದಂಬರಿಕಾರ ಶಿಷ್ಯನೂ ಅಲ್ಲ, ನಿವೃತ್ತನೂ ಅಲ್ಲ. ‘ಫೆಲೋಶಿಪ್’ ನಮ್ಮ ಅಕಾಡೆಮಿಗಳಲ್ಲೇ ಚಾಲ್ತಿಯಲ್ಲಿದೆ, ಹಾಗೇ ಇರಲಿ.

ಒಟ್ಟು ವಾಕ್ಯ ಹೀಗಾದೀತು: ‘ದೇಶಾಂತರಿ ಬರಹಗಾರರು, ಕಲಾವಿದರು ಐಕಾರ್ನ್‌ಗೆ ಅರ್ಜಿ ಹಾಕಬಹುದು; ಅಭಯನಗರವೊಂದು ಆಹ್ವಾನಿಸಿದರೆ ಸಾಮಾನ್ಯವಾಗಿ ಎರಡು ವರ್ಷ ಮನೆ, ಫೆಲೋಶಿಪ್ ಎರಡೂ ಸಿಗುತ್ತವೆ.’