ಅಪ್‌ಡೇಟ್: ದಾವಣಗೆರೆಯಿಂದ ಕೀನ್ಯಾದ ಮಕ್ಕಳ ಮನೆಗೆ

ಕೀನ್ಯಾದಲ್ಲಿ ಕ್ರೈಸ್ತ ಸಂಸ್ಥೆ ನಡೆಸುವ ಮಕ್ಕಳ ಮನೆಯಲ್ಲಿ (ಅನಾಥಾಲಯದಂಥ ಆಶ್ರಯ) ಸೇವೆ ಮಾಡಲು ಏನೇನು ಬೇಕೆಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಖಚಿತವಾದದ್ದನ್ನು ಮುಂದೆ ಹೋಗುವವರಿಗಾಗಿ ಬರೆದಿಡುತ್ತಿದ್ದೇನೆ.

ಪೊಲೀಸ್ ಕ್ಲಿಯರೆನ್ಸ್‌ಗೆ (ನಮ್ಮ ಮೇಲೆ ಅಪರಾಧ ದಾಖಲೆಯಿಲ್ಲ ಎಂಬ ಪತ್ರ) ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲೇ ಅರ್ಜಿ, ಶುಲ್ಕ 500 ರೂಪಾಯಿ. ಪಾಸ್‌ಪೋರ್ಟ್‌ನಲ್ಲಿ ಚಿತ್ರದುರ್ಗದ ಹಳೇ ವಿಳಾಸವಿದ್ದು ವಾಸ ದಾವಣಗೆರೆಯಲ್ಲಾದರೆ ಪರಿಶೀಲನೆ ಸಿಕ್ಕಿಕೊಳ್ಳಬಹುದು. ಮೊದಲು ವಿಳಾಸ ಸರಿಪಡಿಸಿ.

ಹಳದಿ ಜ್ವರದ ಲಸಿಕೆ ಅಧಿಕೃತ ಕೇಂದ್ರದಲ್ಲೇ ಆಗಬೇಕು, ಬೆಂಗಳೂರಿನಲ್ಲಿದೆ. ಸರ್ಟಿಫಿಕೇಟ್ ಊರ್ಜಿತವಾಗುವುದು 10 ದಿನದ ನಂತರ. ಅದಿಲ್ಲದೆ ಮರಳಿದರೆ ಭಾರತದಲ್ಲಿ 6 ದಿನದವರೆಗೆ ಕ್ವಾರಂಟೈನ್.

ಪ್ರವಾಸಿ ಇಟಿಎ (ಕೀನ್ಯಾ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ಪಡೆಯುವ ಅನುಮತಿ) ಮೇಲೆ ಸೇವೆ ಮಾಡುವಂತಿಲ್ಲ, ಸಂಬಳವಿಲ್ಲದಿದ್ದರೂ ಸರಿಯೇ. ಅಲ್ಪಾವಧಿಗೆ ಸ್ಪೆಷಲ್ ಪಾಸ್, ದೀರ್ಘಾವಧಿಗೆ ಕ್ಲಾಸ್ ಐ ಪರ್ಮಿಟ್ (ಧಾರ್ಮಿಕ, ದತ್ತಿ ಸೇವೆಗೆ ಕೊಡುವ ಪರವಾನಗಿ) ಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಆ ಮಕ್ಕಳ ಮನೆಯ ನೋಂದಣಿ ಪತ್ರ, ಅದನ್ನು ಕೇಳಿ ನೋಡಿ. ಕೀನ್ಯಾ 2017ರಲ್ಲೇ ಹೊಸ ಮಕ್ಕಳ ಮನೆಗಳ ನೋಂದಣಿ ನಿಲ್ಲಿಸಿತು. ನಿಮ್ಮ ಹಿನ್ನೆಲೆ ವಿಚಾರಿಸದೆ ಹಣ ಮಾತ್ರ ಕೇಳುವ ಮನೆಯನ್ನು ದಯವಿಟ್ಟು ಬಿಡಿ. ಪುಟ್ಟ ಮಕ್ಕಳು ಬೇಗ ಹಚ್ಚಿಕೊಳ್ಳುತ್ತಾರೆ, ಬಿಟ್ಟು ಹೊರಟರೆ ನೊಂದುಕೊಳ್ಳುತ್ತಾರೆ. ಹಾಗಾಗಿ ಕೆಲವೇ ವಾರ ಇರುವವರು ಲೆಕ್ಕಪತ್ರ, ರಿಪೇರಿ, ಸಿಬ್ಬಂದಿ ತರಬೇತಿಯಂಥ ಕೆಲಸವನ್ನೇ ಕೇಳಿ ಪಡೆಯಿರಿ.