ಹಳೆ ಇನೋವಾಕ್ಕೆ ಏರ್ ಸಸ್ಪೆನ್ಶನ್: ಮನೆಯಲ್ಲೇ ಹಾಕಬಹುದಾ?

ಪ್ರಶ್ನೆ (ಮಡಿಕೇರಿ ಹತ್ತಿರದಿಂದ): ಗಾಡಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆ ಇನೋವಾ. ಕೊಯ್ಲಿನ ಸಮಯದಲ್ಲಿ ಹಿಂದಿನ ಸೀಟು ಮಡಚಿ 50 ಕೆಜಿಯ ಆರು ಚೀಲ ಕಾಫಿ ಹೇರಿದರೆ ಹಿಂಭಾಗ ಕುಸಿಯುತ್ತದೆ, ತೋಟದ ದಾರಿಯಲ್ಲಿ ಪ್ರತಿ ಹೊಂಡಕ್ಕೂ ಬಂಪ್ ಸ್ಟಾಪ್ (ಆಕ್ಸಲ್ ಚಾಸಿಸ್ಸಿಗೆ ತಾಗದಂತೆ ಇರುವ ರಬ್ಬರ್ ತಡೆ) ಬಡಿಯುತ್ತದೆ. ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಶನ್ ಹಾಕಬೇಕೆಂದಿದ್ದೇನೆ. ಸ್ಪ್ಯಾನರ್ ಸೆಟ್, ಟ್ರಾಲಿ ಜಾಕಿ, ಎರಡು ಸ್ಟ್ಯಾಂಡ್ ಇವೆ. ಏನೇನು ಬೇಕು, ಎಲ್ಲಿ ಎಡವಬಹುದು, ಗೊತ್ತಿರುವವರು ತಿಳಿಸಿ.

ಕುಶಾಲನಗರದಿಂದ: ಸರ್, ನಿಮಗಿರುವ ತೊಂದರೆ ಹಿಂದಿನ ಎರಡು ಸ್ಪ್ರಿಂಗಿನದ್ದು. ಅದಕ್ಕೆ ನಾಲ್ಕೂ ಚಕ್ರ ಬಿಚ್ಚುವುದು ಬೇಡ. ಪೂರ್ತಿ ಏರ್ ಸಸ್ಪೆನ್ಶನ್ ಅಂದರೆ ಸ್ಪ್ರಿಂಗ್ ತೆಗೆದು ಆ ಜಾಗದಲ್ಲಿ ಗಾಳಿ ಚೀಲ, ಡಿಕ್ಕಿಯಲ್ಲಿ 11 ಅಥವಾ 19 ಲೀಟರಿನ ಟ್ಯಾಂಕ್, ಒಂದೋ ಎರಡೋ 12 ವೋಲ್ಟ್ ಕಂಪ್ರೆಸರ್, ವಾಲ್ವ್ ಬ್ಲಾಕ್, ಪ್ರೆಶರ್ ಸ್ವಿಚ್, ನೀರು ಹಿಡಿಯುವ ಫಿಲ್ಟರ್, ರಿಲೇ, ದಪ್ಪ ವೈರ್. ಎಲ್ಲಾದರೂ ಒಂದು ಕಡೆ ಗಾಳಿ ಹೋದರೆ ಗಾಡಿ ಆ ಮೂಲೆಗೆ ಕೂತುಬಿಡುತ್ತದೆ, ಕಾಡಿನ ದಾರಿಯಲ್ಲಿ ಅಲ್ಲಿಂದ ಅಲುಗಾಡುವುದಿಲ್ಲ. ಮುಂದಿನ ಸ್ಪ್ರಿಂಗ್ ಒತ್ತಿ ಹಿಡಿದು ಬಿಚ್ಚುವುದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ. ಸ್ಪ್ರಿಂಗ್ ಒತ್ತಿ ಹಿಡಿಯುವ ಕ್ಲಾಂಪ್ ಜಾರಿದರೆ ಆ ಸ್ಪ್ರಿಂಗ್ ಕೈ ಮುರಿಯುತ್ತದೆ, ತಲೆಗೆ ಬಿದ್ದರೆ ಜೀವಕ್ಕೇ ಅಪಾಯ.

ಬದಲಿಗೆ ಹಿಂದಿನ ಕಾಯಿಲ್ ಸ್ಪ್ರಿಂಗಿನ ಒಳಗೆ ಕೂರುವ ಸಹಾಯಕ ಗಾಳಿ ಚೀಲ ಹಾಕಿ. ಇನೋವಾದಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಹೊರಗೆ ಬೇರೆಯಾಗಿ ನಿಂತಿರುತ್ತದೆ, ಹಾಗಾಗಿ ಸ್ಪ್ರಿಂಗಿನ ಒಳಗೆ ಜಾಗ ಇದೆ. ಬೊಲೆರೊ, ಜಿಪ್ಸಿ ಇರುವವರು ಇದನ್ನು ಓದಿ ಆಸೆಪಡಬೇಡಿ, ಅವುಗಳ ಹಿಂದೆ ಪಟ್ಟಿ ಸ್ಪ್ರಿಂಗ್. ಅದಕ್ಕೆ ಬ್ರಾಕೆಟ್ ಸಮೇತ ಬರುವ ಬೇರೆ ಜಾತಿಯ ಚೀಲ ಬೇಕು.

ಒಂದು ಮಾತು ಮನಸ್ಸಿನಲ್ಲಿಡಿ. ಗಾಳಿ ಚೀಲ ಗಾಡಿಯ ಎತ್ತರ ಕಾಪಾಡುತ್ತದೆ ಅಷ್ಟೇ. ಆಕ್ಸಲ್, ಬೇರಿಂಗ್, ಟಯರು, ಬ್ರೇಕು ಎಲ್ಲ ಮೊದಲಿನವೇ. ಕೈಪಿಡಿಯಲ್ಲಿ ಬರೆದಿರುವ ಒಟ್ಟು ತೂಕದ ಮಿತಿ ಒಂದು ಕೆಜಿಯೂ ಏರುವುದಿಲ್ಲ. ಆರು ಚೀಲ ಕಾಫಿ ಅಂದರೆ 300 ಕೆಜಿ, ಜೊತೆಗೆ ಕೂರುವ ಜನರನ್ನೂ ಸೇರಿಸಿ ಲೆಕ್ಕ ಹಾಕಿ.

ಸಿದ್ದಾಪುರದಿಂದ: ಹಾಕುವ ಕ್ರಮ ಬರೆಯುತ್ತೇನೆ. ಮೊದಲು ಜಾಗ. ಸಿಮೆಂಟಿನ ಕಾಫಿ ಕಣಕ್ಕಿಂತ ಒಳ್ಳೆಯ ವರ್ಕ್‌ಶಾಪ್ ಇಲ್ಲ, ಗಟ್ಟಿ ನೆಲ. ಆದರೆ ನೀರು ಹರಿಯಲೆಂದು ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಸಮತಟ್ಟಾದ ಭಾಗ ನೋಡಿಕೊಳ್ಳಿ. ಡಿಸೆಂಬರಿನಲ್ಲಿ ಕಣದ ತುಂಬ ಹಣ್ಣು ಹರಡಿರುತ್ತದೆ, ಮಳೆಗಾಲದಲ್ಲಿ ಆಗದು. ಅಕ್ಟೋಬರ್ ಕೊನೆಯಲ್ಲಿ, ಇಲ್ಲವೇ ಏಪ್ರಿಲ್–ಮೇಯಲ್ಲಿ ಮಾಡಿ. ಅಂಗಳದ ಮಣ್ಣಿನ ಮೇಲೆ ಸ್ಟ್ಯಾಂಡ್ ಇಡಲೇಬೇಡಿ, ಒಂದು ಕಾಲು ಹೂತರೂ ಗಾಡಿ ಮಗುಚುತ್ತದೆ.

ಚೀಲ ಕೊಳ್ಳುವ ಮೊದಲು ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರುವಾಗ ಅಳೆಯಿರಿ: ಸ್ಪ್ರಿಂಗಿನ ಒಳ ವ್ಯಾಸ, ಸ್ಪ್ರಿಂಗ್ ಕೂರುವ ಕೆಳಗಿನ ಸೀಟಿನಿಂದ ಮೇಲಿನ ಸೀಟಿಗೆ ಎಷ್ಟು ಎತ್ತರ. ಜಾಕಿ ಮೇಲೆ ಎತ್ತಿದಾಗ ಸ್ಪ್ರಿಂಗ್ ಉದ್ದವಾಗಿರುತ್ತದೆ, ಆ ಅಳತೆಗೆ ತಂದರೆ ಚೀಲ ಉದ್ದವಾಗಿ ಮಡಚಿಕೊಂಡು ಮಡಿಕೆಯಲ್ಲೇ ಸೀಳುತ್ತದೆ. ಚಕ್ರದ ನಡುಬಿಂದುವಿನಿಂದ ಮಡ್ಗಾರ್ಡ್ ಅಂಚಿಗೆ ಎರಡೂ ಬದಿ ಎಷ್ಟಿದೆ ಎಂದು ಖಾಲಿ ಗಾಡಿಯಲ್ಲಿ ಒಮ್ಮೆ, ಲೋಡಿನಲ್ಲಿ ಒಮ್ಮೆ ಬರೆದಿಟ್ಟುಕೊಳ್ಳಿ. ಮುಂದೆ ಗಾಳಿ ತುಂಬುವುದು ಈ ಅಂಕಿ ನೋಡಿಕೊಂಡೇ.

ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಅಡೆ ಕೊಡಿ. ಹಿಂಭಾಗ ಎತ್ತಿ ಸ್ಟ್ಯಾಂಡನ್ನು ಚಾಸಿಸ್ ಕೆಳಗೆ ಇಡಿ, ಆಕ್ಸಲ್ ಕೆಳಗಲ್ಲ. ಆಕ್ಸಲನ್ನು ಜಾಕಿ ಹೊತ್ತಿರಲಿ. ಚಕ್ರ ಬಿಚ್ಚಿ, ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ತೆಗೆದು, ಜಾಕಿಯನ್ನು ಬೆರಳಷ್ಟು ಬೆರಳಷ್ಟೇ ಇಳಿಸಿ. ಕಣ್ಣು ಬ್ರೇಕ್ ಹೋಸಿನ ಮೇಲಿರಲಿ: ಅದು ಬಿಗಿಯಾಗುತ್ತಿದೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಹೋಸ್ ಹಿಡಿದಿರುವ ಬ್ರಾಕೆಟ್ಟಿನ ಬೋಲ್ಟ್ ಬಿಚ್ಚಿ ಮುಂದುವರಿಯಿರಿ. ಹ್ಯಾಂಡ್‌ಬ್ರೇಕ್ ಕೇಬಲನ್ನೂ ನೋಡಿಕೊಳ್ಳಿ. ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಎಡ ಯಾವುದು, ಬಲ ಯಾವುದು, ಮೇಲೆ ಯಾವುದು ಎಂದು ಪೇಂಟಿನಲ್ಲಿ ಗುರುತು ಹಾಕಿ.

ಚೀಲದ ನಿಪ್ಪಲ್ ತೆರೆದು ಗಾಳಿ ಪೂರ್ತಿ ಹಿಂಡಿ, ಉದ್ದಕ್ಕೆ ಚಾಪೆಯ ಹಾಗೆ ಸುತ್ತಿ, ಮುಚ್ಚಳ ಹಾಕಿದರೆ ಸುತ್ತಿದಂತೆಯೇ ನಿಲ್ಲುತ್ತದೆ. ಬೆಳಗಿನ ಚಳಿಯಲ್ಲಿ ಅದು ಗಡುಸಾಗಿರುತ್ತದೆ, ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ ತೆಗೆದರೆ ಮೆದುವಾಗುತ್ತದೆ. ಸ್ಪ್ರಿಂಗಿನೊಳಗೆ ತೂರಿಸಿ ಮುಚ್ಚಳ ತೆಗೆದರೆ ಗಾಳಿ ಎಳೆದುಕೊಂಡು ತಾನೇ ಅರಳುತ್ತದೆ. ಕಿಟ್‌ನಲ್ಲಿ ಬರುವ ಪ್ಲಾಸ್ಟಿಕ್ ಬಿಲ್ಲೆಯನ್ನು ಪೈಪ್ ಹೊರಡುವ ಬದಿಗೆ ಇಡಿ, ಅದಿಲ್ಲದಿದ್ದರೆ ಸೀಟಿನ ಕಬ್ಬಿಣದ ಅಂಚು ಚೀಲವನ್ನು ಕೊಯ್ಯುತ್ತದೆ. ಸ್ಪ್ರಿಂಗಿನೊಳಗೆ ಬಂಪ್ ಸ್ಟಾಪ್ ಅಡ್ಡವಿದ್ದರೆ ಕಿಟ್‌ನ ಸೂಚನೆಯಂತೆ ತೆಗೆಯಬೇಕಾಗಬಹುದು. ತೆಗೆದ ಮೇಲೆ ಆ ಕೆಲಸವೂ ಚೀಲದ್ದೇ, ಖಾಲಿ ಗಾಡಿಯನ್ನೂ ಗಾಳಿ ಇಲ್ಲದೆ ಓಡಿಸುವಂತಿಲ್ಲ.

ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ಕೂರುವಂತೆ ತಿರುಗಿಸಿ, ಆಕ್ಸಲ್ ಎತ್ತಿ, ಶಾಕ್ ಬೋಲ್ಟ್ ಹಾಕಿ. ಆದರೆ ಆಗಲೇ ಪೂರ್ತಿ ಬಿಗಿಯಬೇಡಿ. ಚಕ್ರ ನೆಲ ಮುಟ್ಟಿ ಗಾಡಿಯ ಭಾರ ಕೂತ ಮೇಲೆ ಬಿಗಿಯಿರಿ. ತೂಗಾಡುವ ಆಕ್ಸಲಿನಲ್ಲಿ ಬಿಗಿದರೆ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚೆನ್ನಾಗಿ ಕೆಲಸ ಬಲ್ಲವರೂ ಅವಸರದಲ್ಲಿ ತಪ್ಪುವುದು ಇಲ್ಲೇ.

ಪೊನ್ನಂಪೇಟೆಯಿಂದ: ಪೈಪಿನ ಬಗ್ಗೆ ಸೇರಿಸುತ್ತೇನೆ. ಕಿಟ್‌ನಲ್ಲಿ ಒಂದು ಟೀ ಜಾಯಿಂಟ್ ಇರುತ್ತದೆ, ಎರಡು ಚೀಲಕ್ಕೂ ಒಂದೇ ವಾಲ್ವ್ ಸಾಕಾಗುವಂತೆ. ನಮ್ಮ ರಸ್ತೆಗೆ ಅದು ಬೇಡ. ತಿರುವಿನಲ್ಲಿ ಹೊರಬದಿಯ ಚೀಲ ಒತ್ತಿಕೊಂಡು ಗಾಳಿ ಟೀ ಮೂಲಕ ಒಳಬದಿಗೆ ಹರಿಯುತ್ತದೆ, ಗಾಡಿ ಇನ್ನಷ್ಟು ವಾಲುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ನಡೆದೀತು. ಎಡಕ್ಕೊಂದು, ಬಲಕ್ಕೊಂದು ವಾಲ್ವ್ ಇಡಿ, ನಂಬರ್ ಪ್ಲೇಟ್ ಪಕ್ಕದಲ್ಲಿ ಇಟ್ಟರೆ ಕೆಸರು ಕಡಿಮೆ.

ಪೈಪನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದರೆ ತುದಿ ಮೊಟ್ಟೆಯಾಕಾರವಾಗಿ ಸೋರುತ್ತದೆ. ಫಿಟಿಂಗಿಗೆ ತಡೆ ಸಿಗುವವರೆಗೆ ಒತ್ತಿ, ಒಮ್ಮೆ ಎಳೆದು ನೋಡಿ. ಟೆಫ್ಲಾನ್ ಟೇಪ್ ಬೇಕಾಗುವುದು ತಿರುಗಿಸಿ ಹಾಕುವ ಥ್ರೆಡ್ ಇರುವ ಜಾಗಕ್ಕೆ ಮಾತ್ರ. ಒತ್ತಿ ಹಾಕುವ ತುದಿಗೆ ಸುತ್ತಿದರೆ ಒಳಗಿನ ಓ-ರಿಂಗ್ ಕೂರುವುದಿಲ್ಲ. ಸೈಲೆನ್ಸರಿನಿಂದ 15 ಸೆಂ.ಮೀ. ದೂರ ಇರಲಿ. ಆಕ್ಸಲ್ ಮೇಲೆ ಕೆಳಗೆ ಆಡುವ ಕಡೆ ಒಂದು ಸಡಿಲ ಸುತ್ತು ಬಿಡಿ. ಪೂರ್ತಿ ಉದ್ದಕ್ಕೂ ಸುಕ್ಕುಗಟ್ಟಿದ ವೈರಿಂಗ್ ಪೈಪ್ ಹೊದಿಸಿ, ತೋಟದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರಿಗೆ ಹೆಗ್ಗಣದ ಕಾಟ ಹೇಳಬೇಕಾಗಿಲ್ಲ.

ತುಂಬುವಾಗ ಎಚ್ಚರ. ಈ ಬಗೆಯ ಚೀಲಗಳಿಗೆ ಸಾಮಾನ್ಯವಾಗಿ ಕನಿಷ್ಠ 5, ಗರಿಷ್ಠ 35 ಪಿಎಸ್‌ಐ. ನಿಮ್ಮ ಕಿಟ್‌ನಲ್ಲಿ ಬರೆದದ್ದೇ ಅಂತಿಮ. ಒಳಗೆ ಹಿಡಿಸುವ ಗಾಳಿ ಬಹಳ ಕಡಿಮೆ. ಪಂಚರ್ ಅಂಗಡಿಯ ಹೋಸ್ ಇಟ್ಟರೆ ಎರಡೇ ಸೆಕೆಂಡಿನಲ್ಲಿ ಮಿತಿ ದಾಟುತ್ತದೆ. ಸೈಕಲ್ ಪಂಪೇ ಸಾಕು. ನಂತರ ಪ್ರತಿ ಜಾಯಿಂಟಿಗೆ ಸಾಬೂನು ನೀರು ಹಚ್ಚಿ. ದೊಡ್ಡ ಗುಳ್ಳೆ ಬಂದರೆ ಕಾಣುತ್ತದೆ, ಸಾಸಿವೆ ಕಾಳಿನಂಥ ನೊರೆ ಒಂದು ನಿಮಿಷ ಕಾದರಷ್ಟೇ ಕಾಣುತ್ತದೆ, ಕಾಯಿರಿ. ಆಮೇಲೆ 30 ಪಿಎಸ್‌ಐ ತುಂಬಿ ಒಂದು ದಿನ ಬಿಟ್ಟು ನೋಡಿ. ಗೇಜ್ ಹಚ್ಚಿ ತೆಗೆಯುವಾಗಲೇ ಸ್ವಲ್ಪ ಗಾಳಿ ಹೋಗುತ್ತದೆ, ಜೊತೆಗೆ ತಾಪಮಾನ 10 ಡಿಗ್ರಿ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆಗೆ ಬೆಳಿಗ್ಗೆಯನ್ನೇ ಹೋಲಿಸಿ.

ಸೋಮವಾರಪೇಟೆಯಿಂದ: ಎಲ್ಲರೂ ಬಿಟ್ಟ ವಿಷಯ ಬ್ರೇಕು. ಎಬಿಎಸ್ ಇಲ್ಲದ ಹಳೆ ಗಾಡಿ ಅಂದಿದ್ದೀರಿ, ಕೆಳಗೆ ಬಗ್ಗಿ ನೋಡಿ. ಹಿಂದಿನ ಆಕ್ಸಲಿನಿಂದ ಚಾಸಿಸ್ ಮೇಲಿನ ಒಂದು ವಾಲ್ವಿಗೆ ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್ ಹೋಗಿದ್ದರೆ ಅದು ಲೋಡ್ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್. ಗಾಡಿ ಎಷ್ಟು ಕುಸಿದಿದೆ ಎನ್ನುವುದೇ ಅದಕ್ಕೆ ತಕ್ಕಡಿ. ಚೀಲ ಹಾಕಿ ಹಿಂಭಾಗವನ್ನು ಖಾಲಿ ಎತ್ತರಕ್ಕೆ ಎತ್ತಿದರೆ, 300 ಕೆಜಿ ಮೇಲಿದ್ದರೂ ಗಾಡಿ ಖಾಲಿ ಎಂದೇ ಅದು ತಿಳಿಯುತ್ತದೆ. ಹಿಂದಿನ ಬ್ರೇಕ್ ಅರ್ಧ ಕೆಲಸ ಮಾಡುತ್ತದೆ, ಭಾರವೆಲ್ಲ ಮುಂದಿನ ಡಿಸ್ಕಿಗೆ ಬೀಳುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಆ ಡಿಸ್ಕ್ ಕಾದು ಬ್ರೇಕ್ ಹಿಡಿತ ಬಿಡುವುದು ಹೀಗೆಯೇ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ವಾಲ್ವ್ ಇದ್ದರೆ, ಚೀಲ ಹಾಕಿದ ಮೇಲೆ ಅದರ ಕಡ್ಡಿಯನ್ನು ಬ್ರೇಕ್ ಕೆಲಸ ಬಲ್ಲ ಮೆಕ್ಯಾನಿಕ್ಕಿನಿಂದ ಹೊಂದಿಸಿ. ಅಲ್ಲಿಯವರೆಗೆ ಕುಸಿತದ ಅರ್ಧದಷ್ಟು ಮಾತ್ರ ಎತ್ತಿ: ಲೋಡಿಗೆ 6 ಸೆಂ.ಮೀ. ಇಳಿಯುತ್ತಿದ್ದರೆ 3 ಸೆಂ.ಮೀ. ಏರುವಷ್ಟು ಗಾಳಿ. ಬಂಪ್ ಸ್ಟಾಪ್ ಬಡಿತ ಅಷ್ಟಕ್ಕೇ ಬಹುಮಟ್ಟಿಗೆ ನಿಲ್ಲುತ್ತದೆ. ಲೋಡ್ ಇಳಿಸಿದ ಕೂಡಲೇ 5–8 ಪಿಎಸ್‌ಐಗೆ ಇಳಿಸಿ, ಇಲ್ಲದಿದ್ದರೆ ಖಾಲಿ ಗಾಡಿಯ ಹಿಂಭಾಗ ಕುಪ್ಪಳಿಸಿ ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ. ಹೆಡ್‌ಲೈಟಿನ ಎತ್ತರವನ್ನೂ ಆಗ ಸರಿಮಾಡಿಕೊಳ್ಳಿ.

ಮಡಿಕೇರಿಯಿಂದ: ಕಾನೂನು ಚುಟುಕಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಸ್ಪ್ರಿಂಗ್ ತೆಗೆದು ಪೂರ್ತಿ ಏರ್ ಸಸ್ಪೆನ್ಶನ್ ಹಾಕುವುದು ದೊಡ್ಡ ಬದಲಾವಣೆ, ಅದನ್ನು ಕೈಬಿಡಲು ಇದೂ ಒಂದು ಕಾರಣ. ಸಹಾಯಕ ಚೀಲವಾದರೂ ಕೊಳ್ಳುವ ಮೊದಲೇ ಇಲ್ಲಿನ ಆರ್‌ಟಿಒದಲ್ಲಿ ಬರವಣಿಗೆಯಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಹಿಂದಿನ ಚೀಲ ಮಾತ್ರ ಹಾಕುತ್ತೇನೆ, ಅದಕ್ಕೂ ಮೊದಲು ಆ ವಾಲ್ವ್ ನೋಡುತ್ತೇನೆ. ಒಂದು ಸಂಶಯ: ಇಲ್ಲಿ ಗಾಳಿ ತುಂಬಿ ಮಂಗಳೂರಿಗೆ ಇಳಿದರೆ ಒತ್ತಡ ಏರುತ್ತದಾ?

ಸಿದ್ದಾಪುರದಿಂದ: ಗೇಜಿನಲ್ಲಿ ಇಳಿಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 2 ಪಿಎಸ್‌ಐ ಕಡಿಮೆ. ಗೇಜ್ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ. ಮಡಿಕೇರಿಯಲ್ಲಿ 10 ತುಂಬಿದ್ದು ಮಂಗಳೂರಲ್ಲಿ 8ರ ಆಸುಪಾಸು ಕಾಣುತ್ತದೆ, ಕೆಳಗಿನ ಸೆಕೆ ಅರ್ಧ ಪಿಎಸ್‌ಐ ವಾಪಸ್ ಕೊಡಬಹುದು. ಟಯರಿನ 33ರಲ್ಲಿ ಇದು ಗೊತ್ತಾಗುವುದಿಲ್ಲ, ಚೀಲದ 10ರಲ್ಲಿ ಐದನೇ ಒಂದು ಪಾಲು. ಅದಕ್ಕೇ ಘಾಟಿ ಇಳಿಯುವ ದಿನ ಕನಿಷ್ಠ 5ಕ್ಕೆ ಇಡಬೇಡಿ, 8 ಇಟ್ಟು ಹೊರಡಿ. ಸುಳ್ಯದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಮ್ಮೆ ಗೇಜ್ ಹಚ್ಚಿ ನೋಡಿ. ಅಲ್ಲೇ ತುಂಬಿಸಿಕೊಂಡರೆ, ವಾಪಸ್ ಮೇಲೆ ಬಂದ ಮೇಲೆ ಅಷ್ಟನ್ನು ಬಿಡಬೇಕು.