ಕಾರಾಗುವ ರೋಬೋ ಬೊಂಬೆ: ಕೊಳ್ಳುವ ಮುನ್ನ ಏನು ನೋಡಬೇಕು?

ಡೊಂಬಿವಲಿಯ ತಾಯಿ:
ಎಂಟು ವರ್ಷದ ಮಗನಿಗೆ ಬಂಬಲ್‌ಬೀ, ಅಂದರೆ ಟ್ರಾನ್ಸ್‌ಫಾರ್ಮರ್ಸ್‌ನ ಆ ಹಳದಿ ರೋಬೋ, ಬೇಕಂತೆ. ಕ್ರಾಫರ್ಡ್ ಮಾರುಕಟ್ಟೆಯ ಬಳಿ ಅಗ್ಗದ್ದೊಂದನ್ನು ನೋಡಿದೆ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರೇ ಇಲ್ಲ. ಅಸಲಿ ಆಟಿಕೆಗೆ ಅಷ್ಟೊಂದು ಹಣ ಸುರಿಯಬೇಕೇ?

ಮಾಟುಂಗಾದ ಸಂಗ್ರಾಹಕ:
ಅಕ್ಕಾ, ಮೊದಲು ಯಾವ ಬಂಬಲ್‌ಬೀ ಎಂದು ಮಗನನ್ನೇ ಕೇಳಿ. 1984ರ ಮೂಲ ಆಟಿಕೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಆಗುತ್ತಿತ್ತು. 2007ರ ‘ಟ್ರಾನ್ಸ್‌ಫಾರ್ಮರ್ಸ್’ ಚಿತ್ರದಲ್ಲಿ ಅದು ಷೆವರ್ಲೆ ಕ್ಯಾಮರೋ ಕಾರು. ಮಕ್ಕಳಿಗೆ ಈ ವ್ಯತ್ಯಾಸ ದೊಡ್ಡದು.

ನಾನು ಮೊದಲು ನೋಡುವುದು ಕಾರಿನ ರೂಪವನ್ನು. ಗಾಜಿನ ಮೇಜಿನ ಮೇಲಿಟ್ಟರೆ ನಾಲ್ಕೂ ಚಕ್ರ ನೆಲ ಮುಟ್ಟಬೇಕು, ಬಾಗಿಲು ಮತ್ತು ಬಾನೆಟ್ ನಡುವೆ ಬಿರುಕು ಕಾಣಬಾರದು. ನಂತರ ರೋಬೋ. ಕಾರಿನ ಛಾವಣಿಯೆಲ್ಲ ಬೆನ್ನಿಗೆ ಮೂಟೆಯಂತೆ ಜೋತುಬಿದ್ದರೆ ಬೊಂಬೆ ಹಿಂದಕ್ಕೆ ವಾಲುತ್ತದೆ. ಸೊಂಟದ ಕೀಲನ್ನು ನಿಧಾನವಾಗಿ ತಿರುಗಿಸಿ: ಬಿಗಿ ಇರಬೇಕು, ಆದರೆ ಕಿರುಗುಟ್ಟಬಾರದು. ಪ್ಲಾಸ್ಟಿಕ್ ಮಡಿಯುವ ಕಡೆ ಬಿಳಿ ಗೆರೆ ಮೂಡಿದ್ದರೆ ಅದು ಮುರಿಯಲು ಸಿದ್ಧವಾಗಿದೆ ಎಂದೇ ತಿಳಿಯಿರಿ. ಪಾರದರ್ಶಕ ಕಿಟಕಿಗೆ ಲೋಹದ ಪಿನ್ನು ತೂರಿಸಿದ ಜಾಗವನ್ನಂತೂ ಬೆಳಕಿಗೆ ಹಿಡಿದು ನೋಡಲೇಬೇಕು. ಸೀಳು ಬಿಡುವುದು ಅಲ್ಲೇ.

ಹೆಸರಿಲ್ಲದ ಪೆಟ್ಟಿಗೆ ಬೇಡವೇ ಬೇಡ. ಐಎಸ್‌ಐ ಗುರುತು ಹುಡುಕಿ. ಮಕ್ಕಳ ಆಟಿಕೆಗೆ 2021ರಿಂದ ಅದು ಕಡ್ಡಾಯ.

ಪುಣೆಯಿಂದ ಒಬ್ಬರು:
ಕೀಲು ಸಡಿಲವಾದರೆ ಎಸೆಯಬೇಡಿ. ಕೀಲಿನ ಗುಂಡನೆಯ ತುದಿಯ ಮೇಲೆ ಬಣ್ಣವಿಲ್ಲದ ಉಗುರುಬಣ್ಣವನ್ನು ತೆಳುವಾಗಿ ಹಚ್ಚಿ, ಪೂರ್ತಿ ಒಣಗಿಸಿ ಮತ್ತೆ ಕೂರಿಸಿ.

ಡೊಂಬಿವಲಿಯ ತಾಯಿ:
ಅವನಿಗೆ ಬೀಟಲ್ಲೇ ಬೇಕಂತೆ! ಅದು ಸುಲಭವಾಗಿ ಮಡಿಯುತ್ತದೆಯೇ?

ಮಾಟುಂಗಾದ ಸಂಗ್ರಾಹಕ:
ದುಬಾರಿ ಮಾಸ್ಟರ್‌ಪೀಸ್ ಸರಣಿ ದೊಡ್ಡವರ ಸಂಗ್ರಹಕ್ಕೆ. ಅವನಿಗೆ ಹಂತಗಳು ಕಡಿಮೆ ಇರುವ, ಸಣ್ಣ ಗಾತ್ರದ್ದನ್ನು ಕೊಡಿಸಿ. ತಾನೇ ಮಡಿಸಿ ಬಿಚ್ಚಲು ಆಗಬೇಕು.